ಒಂದು ಡಬ್ಬ ಹುಣಸೆ ಬೀಜ ಇದ್ರೆ ಸಾಕು: ಬೇರೆ ಬೇರೆ ಬೇಸಲ್ಲಿ ಎಣಿಸೋದು ಹೆಂಗೆ

ಹೋದ ತಿಂಗಳು ಅಕ್ಕನ ಮಗ ಟೆಸ್ಟ್ ಪೇಪರ್ ಹಿಡ್ಕೊಂಡು ಮನೆಗೆ ಬಂದ. ಫಸ್ಟ್ ಪಿಯುಸಿ, ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಾನೆ, ಇಲ್ಲೇ ಕೋಲಾರದಲ್ಲಿ. 13ನ್ನ ಬೈನರಿಗೆ (ಅಂದ್ರೆ 0, 1 ಎರಡೇ ಅಂಕಿ ಇರೋ ಎರಡರ ಬೇಸಿಗೆ) ಬದಲಾಯಿಸಿ ಅಂತ ಪ್ರಶ್ನೆ, ಇವನು 1011 ಅಂತ ಬರೆದಿದ್ದಾನೆ, ಮೇಲೆ ಕೆಂಪಿಂಕಲ್ಲಿ ಉದ್ದಕ್ಕೆ ಒಂದು ಗೀಟು. ಸರಿಯಾದ ಉತ್ತರ 1101. ಭಾಗಾಕಾರ ಎಲ್ಲಾ ಕರೆಕ್ಟಾಗೇ ಮಾಡಿದ್ದ, ಎರಡರಿಂದ ಭಾಗಿಸ್ತಾ ಹೋಗಿ ಶೇಷ 1, 0, 1, 1 ಅಂತ ಪಕ್ಕದಲ್ಲಿ ಸಾಲಾಗಿ ಬರ್ಕೊಂಡಿದ್ದ, ಕೊನೇಲಿ ಕೆಳಗಿಂದ ಮೇಲಕ್ಕೆ ಓದೋ ಬದ್ಲು ಮೇಲಿಂದ ಕೆಳಕ್ಕೆ ಓದ್ಬಿಟ್ಟಿದ್ದಾನೆ ಅಷ್ಟೇ. "ಯಾಕೋ ಕೆಳಗಿಂದ ಓದ್ಬೇಕು?" ಅಂದೆ. "ಗೊತ್ತಿಲ್ಲ ಮಾಮ, ರೂಲ್ಸು ಹಂಗೇ" ಅಂದ.

ರೂಲ್ಸು ಅಂತ ಮಾತ್ರ ನೆನಪಿಟ್ಕೊಂಡಿದ್ದು ಪರೀಕ್ಷೆ ದಿನ ತಲೆಕೆಳಗಾಗದೆ ಇನ್ನೇನಾಗುತ್ತೆ. ಅಡುಗೆಮನೆಯಿಂದ ನಮ್ಮಮ್ಮ ಹುಣಸೆಹಣ್ಣು ಬಿಡಿಸಿದಾಗ ಎತ್ತಿಟ್ಟ ಬೀಜದ ಡಬ್ಬ ತಂದು ಚಾಪೆ ಮೇಲೆ ಸುರಿದೆ. ಆವತ್ತು ಸಂಜೆ ನಾವಿಬ್ರೂ ಮಾಡಿದ್ದನ್ನೇ ಇಲ್ಲಿ ಬರೀತಾ ಇದ್ದೀನಿ, ಮನೇಲಿ ಮಕ್ಕಳಿದ್ರೆ ಮಾಡಿ ನೋಡಿ, ಪುಸ್ತಕ ಮುಚ್ಚಿಟ್ಟು ಮಾಡಿ.

ಮೊದಲು 13 ಬೀಜ ಎಣಿಸ್ಕೊಳ್ಳಿ. ಈಗ ಎರಡೆರಡು ಜೋಡಿ ಮಾಡಿ. ಆರು ಜೋಡಿ ಆಗುತ್ತೆ, ಒಂದು ಬೀಜ ಒಂಟಿಯಾಗಿ ಉಳಿಯುತ್ತೆ. ಆ ಒಂಟಿ ಬೀಜ ನಿಮ್ಮ ಬಲಗಡೆ ತಳ್ಳಿ. ಈಗ ಜೋಡಿಗಳನ್ನೇ ಜೋಡಿ ಮಾಡಿ, ನಾಲ್ಕು ನಾಲ್ಕರ ಗುಡ್ಡೆ ಮೂರು ಬರುತ್ತೆ, ಒಂಟಿ ಜೋಡಿ ಯಾವುದೂ ಉಳಿಯಲ್ಲ, ಅಂದ್ರೆ ಅಲ್ಲಿ ಸೊನ್ನೆ. ಮತ್ತೆ ನಾಲ್ಕರ ಗುಡ್ಡೆಗಳನ್ನ ಜೋಡಿ ಮಾಡಿ, ಎಂಟರ ಗುಡ್ಡೆ ಒಂದು, ನಾಲ್ಕರದ್ದು ಒಂದು ಉಳೀತು. ಈಗ ಚಾಪೆ ಮೇಲೆ ಏನಿದೆ ನೋಡಿ: ಎಂಟು ಒಂದು, ನಾಲ್ಕು ಒಂದು, ಎರಡು ಇಲ್ಲ, ಬಿಡಿ ಒಂದು. 1101. ಮೊದಲು ಬಂದ ಶೇಷ ಅಂದ್ರೆ ಆ ಒಂಟಿ ಬೀಜ, ಎಲ್ಲಕ್ಕಿಂತ ಚಿಲ್ಲರೆ ಅದು, ನಾವು ಸಂಖ್ಯೆ ಬರೆಯುವಾಗ ಚಿಲ್ಲರೆ ಯಾವಾಗ್ಲೂ ಬಲಗಡೆ ಕೊನೆಗೆ ತಾನೇ ಬರೆಯೋದು, ಅದಕ್ಕೇ ಮೊದಲು ಸಿಕ್ಕಿದ ಶೇಷ ಕೊನೆಗೆ ಹೋಗುತ್ತೆ. ಕೆಳಗಿಂದ ಓದೋದು ಅಂದ್ರೆ ಇಷ್ಟೇ. ಹುಡುಗ ಎರಡು ನಿಮಿಷ ಬೀಜ ನೋಡ್ತಾ ಕೂತ, ಆಮೇಲೆ ತಾನೇ 29 ಬೀಜ ಎಣಿಸಿ 11101 ಅಂತ ತಂದಿಟ್ಟ.

ಬೇಸ್ ಅಂದ್ರೆ ಎಷ್ಟು ಬೀಜ ಸೇರಿದ್ರೆ ಒಂದು ಗುಡ್ಡೆ ಅನ್ನೋದು, ಮತ್ತೆ ಅಷ್ಟೇ ಗುಡ್ಡೆ ಸೇರಿದ್ರೆ ಒಂದು ದೊಡ್ಡ ಗುಡ್ಡೆ. ಅದೇ 13ನ್ನ ಐದರ ಬೇಸಲ್ಲಿ ಮಾಡಿದ್ರೆ ಎರಡು ಗುಡ್ಡೆ ಮೂರು ಬಿಡಿ, ಅದನ್ನ 23 ಅಂತ ಬರೀತೀವಿ, ಆದ್ರೆ ದಯವಿಟ್ಟು ಇಪ್ಪತ್ಮೂರು ಅಂತ ಓದ್ಬೇಡಿ, "ಎರಡು ಮೂರು" ಅಂತ ಓದಿ. ಈ ಒಂದು ಅಭ್ಯಾಸ ಮಾಡ್ಕೊಂಡ್ರೆ ಅರ್ಧ ಗೊಂದಲ ಹೋಗುತ್ತೆ. ಯಾವ ಬೇಸಲ್ಲಾದ್ರೂ ಅಷ್ಟೇ, ಐದರ ಬೇಸಲ್ಲಿ 5 ಅನ್ನೋ ಅಂಕಿ ಕಾಣಿಸ್ತು ಅಂದ್ರೆ ಎಲ್ಲೋ ಒಂದು ಗುಡ್ಡೆ ಕಟ್ಟೋದು ಮರೆತಿದ್ದೀರ.

ಬೀಜ ಇಲ್ದೇ ಇದ್ರೆ ಕೈ ಇದೆಯಲ್ಲ. ನಮ್ಮಜ್ಜಿ, ಶ್ರೀನಿವಾಸಪುರದ ಹತ್ರದ ಹಳ್ಳಿಯವರು, ಯಾವತ್ತೂ ಬೆರಳು ಎಣಿಸಿದವರಲ್ಲ, ಗೆಣ್ಣು ಎಣಿಸೋರು. ಬಲಗೈ ಅಂಗೈ ನಿಮ್ಮ ಕಡೆ ತಿರುಗಿಸ್ಕೊಳ್ಳಿ, ಹೆಬ್ಬೆರಳನ್ನ ಕಿರುಬೆರಳಿನ ಬುಡದ ಗೆಣ್ಣಿಗೆ ಮುಟ್ಟಿಸಿ, ಅದು ಒಂದು, ನಡುವಿಂದು ಎರಡು, ತುದಿಯದ್ದು ಮೂರು, ಹಂಗೇ ಉಂಗುರ ಬೆರಳಿಗೆ ಹೋಗಿ ನಾಲ್ಕು ಐದು ಆರು, ತೋರುಬೆರಳಿನ ತುದಿಗೆ ಬರೋ ಹೊತ್ತಿಗೆ ಹನ್ನೆರಡು. ಆಗ ಎಡಗೈಲಿ ಒಂದು ಬೆರಳು ಮಡಚಿ, ಬಲಗೈಲಿ ಮತ್ತೆ ಒಂದರಿಂದ ಶುರು. ಎಡಗೈ ಐದೂ ಬೆರಳು ಮಡಚಿದಾಗ ಅರವತ್ತು. ಎಡಗೈಲಿ ಮೂರು ಬೆರಳು ಮಡಚಿದೆ, ಬಲಗೈ ಹೆಬ್ಬೆರಳು ನಡುಬೆರಳಿನ ನಡುಗೆಣ್ಣಿನ ಮೇಲಿದೆ, ಎಷ್ಟು? ಮೂರು ಡಜನ್, ಮೇಲೆ ಎಂಟು, 44. ಹನ್ನೆರಡರ ಬೇಸಲ್ಲಿ ಅದು "ಮೂರು ಎಂಟು". ಮೊಟ್ಟೆ, ಬಾಳೆಹಣ್ಣು ತರೋಕೆ ಹೋದವರು ದಿನಾ ಮಾಡೋ ಲೆಕ್ಕ ಇದು, ಹೆಸರು ಮಾತ್ರ ಇಟ್ಟಿರಲ್ಲ.

ಕೆಲವರು ಬೆರಳ ತುದೀನೂ ಸೇರಿಸಿ ಒಂದೊಂದು ಬೆರಳಿಗೆ ನಾಲ್ಕು ಎಣಿಸ್ತಾರೆ, ಆಗ ಒಂದು ಕೈಗೆ ಹದಿನಾರು. ಈ ಹದಿನಾರಕ್ಕೆ ಬರೋಣ, ಯಾಕಂದ್ರೆ ನನಗೆ ಬಹಳ ಇಷ್ಟವಾದ ಭಾಗ ಇದೇ.

ನಮ್ಮ ತಾತ ಊರಲ್ಲಿ ಚಿಲ್ಲರೆ ಅಂಗಡಿ ಇಟ್ಟಿದ್ರು. ಅವರ ಹಳೇ ಲೆಕ್ಕದ ಪುಸ್ತಕ ಅಟ್ಟದ ಮೇಲೆ ಸಿಕ್ಕಿತ್ತು, ಅರ್ಧ ಗೆದ್ದಲು ತಿಂದಿದೆ. ಅದರಲ್ಲಿ 3-9-8 ಅಂತೆಲ್ಲ ಬರೆದಿತ್ತು, ನಾನು ಚಿಕ್ಕವನಿದ್ದಾಗ ತಾರೀಖು ಅಂದ್ಕೊಂಡಿದ್ದೆ. ಅದು ರೂಪಾಯಿ, ಆಣೆ, ಪೈ. ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ, ಅಂದ್ರೆ ಒಂದೇ ಸಾಲಿನಲ್ಲಿ ಎರಡು ಬೇಸ್. ಕೂಡೋದು ಹೆಂಗೆ ಅಂದ್ರೆ, 3-9-8ಕ್ಕೆ 2-10-7 ಕೂಡ್ಬೇಕು ಅಂದ್ಕೊಳ್ಳಿ. ಪೈ ಮೊದಲು: ಎಂಟೂ ಏಳೂ ಹದಿನೈದು, ಹನ್ನೆರಡು ತೆಗೆದ್ರೆ ಮೂರು ಪೈ ಉಳೀತು, ಒಂದಾಣೆ ದಶಕ (ದಶಕ ಅಂತ ಬಾಯಿಗೆ ಬರುತ್ತೆ, ಇಲ್ಲಿ ಅದು ಹತ್ತಲ್ಲ, ಹನ್ನೆರಡು). ಆಣೆ: ಒಂಬತ್ತೂ ಹತ್ತೂ ಹತ್ತೊಂಬತ್ತು, ದಶಕ ಒಂದು ಸೇರಿ ಇಪ್ಪತ್ತು, ಹದಿನಾರು ತೆಗೆದ್ರೆ ನಾಲ್ಕಾಣೆ, ಒಂದು ರೂಪಾಯಿ ಮೇಲಕ್ಕೆ. ರೂಪಾಯಿ ಆರು. 6-4-3. ಪರೀಕ್ಷೆ ಮಾಡ್ಬೇಕಾ, ಎಲ್ಲಾ ಪೈಗೆ ಇಳಿಸಿ, ರೂಪಾಯಿಗೆ 192 ಪೈ, 692 ಮತ್ತು 511, ಒಟ್ಟು 1203, ತಾಳೆ ಆಗುತ್ತೆ.

1957 ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು, ರೂಪಾಯಿಗೆ ನೂರು. ನಾಲ್ಕಾಣೆಗೆ 25 ಪೈಸೆ ಸರಿಯಾಗಿ ಕೂತ್ಕೊಂಡ್ತು, ಆದ್ರೆ ಒಂದಾಣೆಗೆ ಆರೂಕಾಲು ಪೈಸೆ, ಆ ಕಾಲು ಪೈಸೆ ಎಲ್ಲಿಂದ ತರೋದು? ಅದಕ್ಕೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಪಟ್ಟಿ ಮಾಡಿ ಕೊಟ್ಟಿದ್ರು. ಒಂದು ಬೇಸಿಂದ ಇನ್ನೊಂದು ಬೇಸಿಗೆ ಹೋದಾಗ ಭಿನ್ನರಾಶಿ ಹೆಂಗೆ ಹರಿದು ಹೋಗುತ್ತೆ ಅನ್ನೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗಂತೂ ಸಿಕ್ಕಿಲ್ಲ. ನಾಲ್ಕಾಣೆ ಪಾವಲಿ ಚಲಾವಣೆಯಿಂದ ಹೋಗಿದ್ದು 2011ರ ಜೂನ್ ಕೊನೆಗೆ, ಎಂಟಾಣೆ ಅನ್ನೋ ಮಾತು ಇನ್ನೂ ಬಾಯಲ್ಲಿದೆ.

ಹದಿನಾರು ಮಾತ್ರ ಎಲ್ಲೂ ಹೋಗಿಲ್ಲ, ಕಂಪ್ಯೂಟರ್ ಒಳಗೆ ಸೇರ್ಕೊಂಡಿದೆ. ಹೆಕ್ಸಾಡೆಸಿಮಲ್ ಅಂತ ಹೆಸರು ಕೇಳಿ ಹುಡುಗರು ಹೆದರ್ತಾರೆ, ಅದು ಆಣೆ ಲೆಕ್ಕ ಅಷ್ಟೇ, ಹತ್ತರಿಂದ ಹದಿನೈದಕ್ಕೆ ಒಂದೇ ಅಂಕಿ ಇಲ್ಲ ಅಂತ ಎ, ಬಿ, ಸಿ, ಡಿ, ಇ, ಎಫ್ ಹಾಕ್ಕೊಂಡಿದ್ದಾರೆ. ಎಫ್ ಎಫ್ ಅಂದ್ರೆ ಹದಿನೈದು ರೂಪಾಯಿ ಹದಿನೈದಾಣೆ, ಎಷ್ಟಾಣೆ ಆಯ್ತು? 15 ಸಲ 16, ಮೇಲೆ 15, 255. ಹುಡುಗ ಇದನ್ನ ಕೇಳಿ "ಮಾಮ, ಇಷ್ಟೇನಾ?" ಅಂದ.

ಅಳತೇಲೂ ಇದೇ ಕತೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು, ಇದು ನಾಲ್ಕರ ಬೇಸ್. ಕಾಲು, ಅರ್ಧ, ಮುಕ್ಕಾಲು, ಕಾಲಿನ ಕಾಲು ವೀಸ, ಅಂದ್ರೆ ಹದಿನಾರರಲ್ಲಿ ಒಂದು ಪಾಲು. ತಾತನ ಪುಸ್ತಕದಲ್ಲಿ ಎರಡೂವರೆ ಅನ್ನೋದಕ್ಕೆ 2 ಬರೆದು ಪಕ್ಕದಲ್ಲಿ ಎರಡು ನಿಂತ ಗೀಟು, ಮುಕ್ಕಾಲಿಗೆ ಮೂರು ಗೀಟು. ತೆಲುಗಿನ ಹಳೇ ಲೆಕ್ಕದಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿದೆ, ಕಾಲುಗಳಿಗೆ ನಿಂತ ಗೀಟು, ವೀಸಗಳಿಗೆ ಮಲಗಿದ ಗೀಟು, ಮತ್ತೆ ಅದರ ಕಾಲಿಗೆ ನಿಂತ ಗೀಟು, ಹಿಂಗೆ ಒಂದು ಬಿಟ್ಟು ಒಂದು. ಈ ಗುರುತುಗಳನ್ನ 2008ರಲ್ಲಿ ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ಗೂ ಸೇರಿಸಿದ್ದಾರೆ. ನಮ್ಮ ಕಡೆ ಮನೆಮನೇಲೂ ಎರಡು ಭಾಷೆ ಓಡಾಡುತ್ತೆ, ಆದ್ರೂ ಇದು ನನಗೆ ಗೊತ್ತಾಗಿದ್ದು ಮೊಬೈಲಲ್ಲಿ ಫಾಂಟ್ ಹುಡುಕುವಾಗ, ನಾಚಿಕೆ ಆಯ್ತು.

ಕಣದಲ್ಲಿ ರಾಗಿ ಅಳೆಯೋದು ನೋಡಿದ್ದೀರಾ? ಅಜ್ಜಿ ಮೊದಲನೇ ಅಳತೆಗೆ ಒಂದು ಅಂತಿರ್ಲಿಲ್ಲ, "ಲಾಭ" ಅನ್ನೋರು, ಆಮೇಲೆ ಎರಡು, ಮೂರು. ಕೆಲವು ಸಲ "ಲಾಭಂ, ರೆಂಡು, ಮೂಡು" ಅಂತ ತೆಲುಗಲ್ಲಿ. ಇಪ್ಪತ್ತು ಕೊಳಗ ಆದ್ರೆ ಒಂದು ಖಂಡುಗ, ಆಗ ಪಕ್ಕದಲ್ಲಿ ಒಂದು ಕಲ್ಲು ಇಟ್ಟು ಮತ್ತೆ ಲಾಭದಿಂದ ಶುರು ಮಾಡೋರು. ಕೊನೇಲಿ ಮೂರು ಕಲ್ಲು, ಬಾಯಲ್ಲಿ ಏಳು, ಅಂದ್ರೆ ಮೂರು ಖಂಡುಗ ಏಳು ಕೊಳಗ. ಇಪ್ಪತ್ತರ ಬೇಸಲ್ಲಿ ಎರಡಂಕಿ ಸಂಖ್ಯೆ ಅದು, ಒಂದಂಕಿ ಕಲ್ಲಲ್ಲಿ ಇನ್ನೊಂದಂಕಿ ನಾಲಿಗೇಲಿ.

ಮಧ್ಯ ಅಮೆರಿಕದ ಮಾಯಾ ಜನರ ಲೆಕ್ಕವೂ ಇಪ್ಪತ್ತರದ್ದೇ, ಬರೆಯೋದು ಮಾತ್ರ ಕೆಳಗಿಂದ ಮೇಲಕ್ಕೆ. ಒಂದಕ್ಕೆ ಒಂದು ಚುಕ್ಕಿ, ಐದಕ್ಕೆ ಒಂದು ಅಡ್ಡಗೆರೆ, ಸೊನ್ನೆಗೆ ಒಂದು ಚಿಪ್ಪು. ನಿಮ್ಮ ಹತ್ರ ಬೀಜ ಇದೆ, ಗೆರೆಗೆ ಪೊರಕೆ ಕಡ್ಡಿ ಮುರ್ಕೊಳ್ಳಿ, ಚಿಪ್ಪಿಗೆ ಚೌಕಾಬಾರದ ಕವಡೆ ಸಾಕು. 33 ಇಡ್ಬೇಕು ಅಂದ್ರೆ ಕೆಳಗಡೆ ಎರಡು ಕಡ್ಡಿ ಅದರ ಮೇಲೆ ಮೂರು ಬೀಜ, ಅದು 13, ಸ್ವಲ್ಪ ಜಾಗ ಬಿಟ್ಟು ಮೇಲೊಂದು ಬೀಜ, ಅದು 20. ಬರೀ 20 ಆದ್ರೆ ಕೆಳಗೆ ಕವಡೆ, ಮೇಲೆ ಒಂದು ಬೀಜ. ಅವರ ಪಂಚಾಂಗದ ಲೆಕ್ಕದಲ್ಲಿ ಮಾತ್ರ ಮೂರನೇ ಮೆಟ್ಟಿಲಿಗೆ 400 ಅಲ್ಲ, 360, ವರ್ಷಕ್ಕೆ ಹತ್ರ ಬರ್ಲಿ ಅಂತ.

ಈಗ ಅರವತ್ತು. ಕಷ್ಟ ಅನ್ಸುತ್ತೆ, ಆದ್ರೆ ದಿನಾ ಬಳಸೋದು ಇದನ್ನೇ. ಮೊಬೈಲಲ್ಲಿ ವಿಡಿಯೋ ಕೆಳಗೆ 1:06:40 ಅಂತ ತೋರಿಸುತ್ತಲ್ಲ, ಅದು ಅರವತ್ತರ ಬೇಸಲ್ಲಿ ಬರೆದ 4000. ಬಿಡಿಸೋದು ಹೆಂಗೆ: 4000ದಲ್ಲಿ 3600 ಒಂದು ಸಲ, ಉಳಿದ 400ರಲ್ಲಿ 60 ಆರು ಸಲ, ಉಳಿದದ್ದು 40. ಬ್ಯಾಬಿಲೋನಿನವರು ಇದನ್ನ ಹಸಿ ಜೇಡಿಮಣ್ಣಿನ ಹಲಗೆ ಮೇಲೆ ಕಡ್ಡಿ ಒತ್ತಿ ಬರೀತಿದ್ರು, ಒಂದಕ್ಕೆ ಮೊಳೆ ತರ ಒಂದು ನಿಂತ ಗುರುತು, ಹತ್ತಕ್ಕೆ ಮೂಲೆ ತರ ಒಂದು ಗುರುತು. ಚಪಾತಿ ಹಿಟ್ಟು ಮಿಕ್ಕಿದ್ರೆ ತಟ್ಟಿ, ಐಸ್‌ಕ್ರೀಮ್ ಕಡ್ಡಿಯ ಮೂಲೆಯಿಂದ ಒತ್ತಿ ನೋಡಿ: ಒಂದು ಮೊಳೆ, ಜಾಗ, ಆರು ಮೊಳೆ, ಜಾಗ, ನಾಲ್ಕು ಮೂಲೆ. 4000 ರೆಡಿ. ಆ ಜಾಗ ಬಿಡೋದು ಮರೆತ್ರೆ ಒಂದೂ ಆರೂ ಸೇರಿ ಏಳಾಗ್ಬಿಡುತ್ತೆ, ಅವರಿಗೂ ಇದೇ ತಲೆನೋವು ಇತ್ತು, ನಡುವಿನ ಖಾಲಿ ಜಾಗಕ್ಕೆ ಅಂತ ಎರಡು ಓರೆ ಮೊಳೆ ಹಾಕೋ ಪದ್ಧತಿ ಬಂದಿದ್ದು ಎಷ್ಟೋ ಕಾಲ ಆದ್ಮೇಲೆ. ಕೊನೇಲಿ ಸೊನ್ನೆ ಹಾಕೋ ಅಭ್ಯಾಸ ಇಲ್ದೇ ಇದ್ದಿದ್ರಿಂದ ಒಂದೂ ಅರವತ್ತೂ ನೋಡೋಕೆ ಒಂದೇ ತರ, ಸಂದರ್ಭ ನೋಡ್ಕೊಂಡು ಅರ್ಥ ಮಾಡ್ಕೋಬೇಕು. ಸಂತೇಲಿ "ಎರಡಕ್ಕೆ ಕೊಡ್ತೀನಿ" ಅಂದ್ರೆ ಇಪ್ಪತ್ತಾ, ಇನ್ನೂರಾ, ಎರಡು ಸಾವಿರಾನಾ ಅಂತ ನಾವೂ ಹಂಗೇ ಅಲ್ವಾ ಅರ್ಥ ಮಾಡ್ಕೊಳ್ಳೋದು.

ಅಂಥ ಮಣ್ಣಿನ ಬಿಲ್ಲೆ ಒಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ, ಸುಮಾರು ಮೂರೂವರೆ ಸಾವಿರ ವರ್ಷಕ್ಕಿಂತ ಹಳೇದು, ಅಂಗೈಯಲ್ಲಿ ಹಿಡಿಯೋವಷ್ಟು ಚಿಕ್ಕದು. ಒಂದು ಚೌಕ, ಅದರ ಕರ್ಣ, ಪಕ್ಕದಲ್ಲಿ 1, 24, 51, 10 ಅಂತ ಅಂಕಿ. ಕ್ಯಾಲ್ಕುಲೇಟರ್ ತಗೊಳ್ಳಿ, 24ನ್ನ 60ರಿಂದ, 51ನ್ನ 3600ರಿಂದ, 10ನ್ನ 216000ದಿಂದ ಭಾಗಿಸಿ, ಎಲ್ಲಾ ಕೂಡಿ ಒಂದು ಸೇರಿಸಿ. 1.414213 ಬರುತ್ತೆ, ಎರಡರ ವರ್ಗಮೂಲ. ನಾನು ಇದನ್ನ ಮೊದಲನೇ ಸಲ ಒತ್ತಿದಾಗ ಮತ್ತೆ ಅಳಿಸಿ ಇನ್ನೊಂದು ಸಲ ಒತ್ತಿದೆ.

ಅರವತ್ತೇ ಯಾಕೆ ಅಂದ್ರೆ ಎಲ್ಲರೂ ಗೆಣ್ಣಿನ ಕತೆ ಹೇಳ್ತಾರೆ, ಕತೆ ಚೆನ್ನಾಗಿದೆ, ಪುರಾವೆ ಇಲ್ಲ. ಅನುಕೂಲ ಮಾತ್ರ ಕಣ್ಣಿಗೆ ಕಾಣುತ್ತೆ, ಎರಡು, ಮೂರು, ನಾಲ್ಕು, ಐದು, ಆರು ಎಲ್ಲದರಿಂದಲೂ ಸಮ ಪಾಲಾಗುತ್ತೆ. ನೂರು ರೂಪಾಯಿನ ಮೂರು ಜನಕ್ಕೆ ಹಂಚಿ ನೋಡಿ, ಜಗಳ ಆಗುತ್ತೆ, ಒಂದು ಗಂಟೆ ಹಂಚಿದ್ರೆ ಆಗಲ್ಲ.

ನಮ್ಮ ಪಂಚಾಂಗದಲ್ಲೂ ದಿನಕ್ಕೆ ಅರವತ್ತು ಘಳಿಗೆ, ಘಳಿಗೆಗೆ ಅರವತ್ತು ವಿಘಳಿಗೆ. ಒಂದು ಘಳಿಗೆ ಅಂದ್ರೆ 24 ನಿಮಿಷ. ಸೂರ್ಯೋದಯ ಆರೂಕಾಲಿಗೆ, ಅಲ್ಲಿಂದ ಏಳು ಘಳಿಗೆ ಮೂವತ್ತು ವಿಘಳಿಗೆಗೆ ಮುಹೂರ್ತ ಅಂದ್ರೆ ಏಳೂವರೆ ಸಲ 24, 180 ನಿಮಿಷ, ಒಂಬತ್ತೂಕಾಲಿಗೆ ಅಲ್ಲಿರ್ಬೇಕು. ಸಂವತ್ಸರಾನೂ ಅರವತ್ತು, 1987ರ ಯುಗಾದಿಗೆ ಪ್ರಭವ, ಅಂದ್ರೆ ಒಂದನೇದು. ಇಸವಿಯಿಂದ 1987 ಕಳೆದು ಒಂದು ಸೇರಿಸಿ: 2025ಕ್ಕೆ 39, ವಿಶ್ವಾವಸು. ಹಳೇ ವರ್ಷಕ್ಕೆ ಅರವತ್ತು ಹಿಂದಕ್ಕೆ ಹೋಗಿ 1927ರಿಂದ ಕಳೀರಿ, 1947ಕ್ಕೆ 21, ಸರ್ವಜಿತು. ಯುಗಾದಿಗೆ ಮುಂಚೆ ಹುಟ್ಟಿದವರಿಗೆ ಒಂದು ಕಮ್ಮಿ ಮಾಡೋದು ಮರೀಬೇಡಿ, ನಮ್ಮಮ್ಮನ ವಿಷಯದಲ್ಲಿ ನಾನು ಮರೆತು ಬೈಸ್ಕೊಂಡಿದ್ದೀನಿ.

ಇನ್ನು ಈಜಿಪ್ಟಿನವರು. ಬರೆಯೋದು ಹತ್ತರ ಲೆಕ್ಕದಲ್ಲೇ, ಒಂದಕ್ಕೆ ಗೀಟು, ನೂರಕ್ಕೆ ಹಗ್ಗದ ಸುರುಳಿ, ಸಾವಿರಕ್ಕೆ ತಾವರೆ, ಲಕ್ಷಕ್ಕೆ ಗೊದಮೊಟ್ಟೆ. ಆದ್ರೆ ಗುಣಾಕಾರ ಮಾತ್ರ ಪೂರಾ ಎರಡರ ಆಟ, ಮಗ್ಗಿ ಬೇಕಾಗೇ ಇಲ್ಲ. ಅಹ್ಮೋಸ್ ಅನ್ನೋ ಲಿಪಿಕಾರ ಸುಮಾರು ಕ್ರಿ.ಪೂ. 1550ರಲ್ಲಿ ನಕಲು ಮಾಡಿದ ರಿಂಡ್ ಪಪೈರಸ್‌ನಲ್ಲಿ ಈ ವಿಧಾನ ಇದೆ. ನಮ್ಮ ಟೊಮೇಟೊ ಮಂಡಿ ಲೆಕ್ಕಕ್ಕೆ ಹಾಕೋಣ, 13 ಬಾಕ್ಸು, ಬಾಕ್ಸಿಗೆ 385. ದ್ವಿಗುಣ ಮಾಡ್ತಾ ಹೋಗಿ: ಒಂದಕ್ಕೆ 385, ಎರಡಕ್ಕೆ 770, ನಾಲ್ಕಕ್ಕೆ 1540, ಎಂಟಕ್ಕೆ 3080. ಮುಂದೆ 16, ಅದು 13ನ್ನ ದಾಟುತ್ತೆ, ನಿಲ್ಲಿಸಿ. 13 ಅಂದ್ರೆ ಎಂಟು, ನಾಲ್ಕು, ಒಂದು. ಎರಡರ ಸಾಲು ಹೊಡೆದು ಹಾಕಿ ಉಳಿದ ಮೂರು ಕೂಡಿ, 5005. ಎಂಟರ ಸಾಲಿಂದ ಶುರು ಮಾಡಿ ಒಂದರ ಸಾಲಿನವರೆಗೆ ಯಾವುದು ಇಟ್ಕೊಂಡ್ವಿ ಯಾವುದು ಹೊಡೆದ್ವಿ ನೋಡಿ: ಇದೆ, ಇದೆ, ಇಲ್ಲ, ಇದೆ. ಚಾಪೆ ಮೇಲಿದ್ದ 1101 ಅದೇ. ಹುಡುಗ ಇಲ್ಲಿ ಸುಮ್ನಾಗ್ಬಿಟ್ಟ, ಆಮೇಲೆ ತಾನೇ 29 ಬಾಕ್ಸಿಂದು ಮಾಡಿದ.

ಕೊನೇದು ಒಂದಿದೆ, ಇದು ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದು, ಲೆಕ್ಕದ ಮೇಷ್ಟ್ರಲ್ಲ. ಹೈಸ್ಕೂಲಲ್ಲಿ ಲಘು ಗುರು ಹಾಕಿದ್ದು ನೆನಪಿದೆ ತಾನೆ, ಯಮಾತಾರಾಜಭಾನಸಲಗಂ. ಮೂರಕ್ಷರದ ಗಣ, ಒಂದೊಂದೂ ಲಘು ಇಲ್ಲ ಗುರು, ಹಂಗಾಗಿ ಎರಡು ಸಲ ಎರಡು ಸಲ ಎರಡು, ಎಂಟೇ ಗಣ, ಒಂಬತ್ತನೇದು ಇರೋಕೆ ಸಾಧ್ಯಾನೇ ಇಲ್ಲ. ಇವನ್ನ ಕ್ರಮವಾಗಿ ಜೋಡಿಸೋ ಪ್ರಸ್ತಾರದ ವಿಧಾನ ಪಿಂಗಳನ ಛಂದಃಶಾಸ್ತ್ರದಷ್ಟು ಹಳೇದು, ಎರಡು ಸಾವಿರ ವರ್ಷದ ಮೇಲಾಯ್ತು. ಯುರೋಪಲ್ಲಿ ಲೈಬ್ನಿಟ್ಸ್ ಅನ್ನೋ ಗಣಿತಜ್ಞ ಬೈನರಿ ಬಗ್ಗೆ ಲೇಖನ ಪ್ರಕಟಿಸಿದ್ದು 1703ರಲ್ಲಿ. ಪ್ರಸ್ತಾರದ ಕ್ರಮ ಮ, ಯ, ರ, ಸ, ತ, ಜ, ಭ, ನ. ಯಾವ ಗಣ ಎಷ್ಟನೇದು ಅಂತ ತಿಳ್ಕೋಬೇಕಾದ್ರೆ ಎಡಗಡೆಯಿಂದ ಅಕ್ಷರಗಳ ಮೇಲೆ 1, 2, 4 ಬರೀರಿ, ಲಘು ಮೇಲಿರೋದನ್ನ ಮಾತ್ರ ಕೂಡಿ, ಒಂದು ಸೇರಿಸಿ. ಜ ಗಣ ಲಘು, ಗುರು, ಲಘು, ಒಂದೂ ನಾಲ್ಕೂ ಐದು, ಮೇಲೆ ಒಂದು, ಆರನೇದು. ಎಣಿಸಿ ನೋಡಿ, ಸರಿಯಾಗಿದೆ.

ಹುಡುಗ ಪೆನ್ಸಿಲ್ ತಗೊಂಡು ನಾಲ್ಕಕ್ಷರಕ್ಕೆ 1, 2, 4, 8 ಬರೆದ. ಒಂದು ನಿಮಿಷ ನೋಡಿ, "ಮಾಮ, ಇವರು ಚಿಲ್ಲರೆ ಎಡಗಡೆ ಇಟ್ಟಿದ್ದಾರೆ!" ಅಂದ. ಹೌದು, ಪ್ರಸ್ತಾರದಲ್ಲಿ ಒಂದರ ಸ್ಥಾನ ಎಡಗಡೆ. ಟೆಸ್ಟ್ ಪೇಪರ್ ಮತ್ತೆ ಬಿಚ್ಚಿ ತನ್ನ 1011ರ ಮೇಲೆ ಎಡಗಡೆಯಿಂದ 1, 2, 4, 8 ಹಾಕಿ ಕೂಡಿದ. ಒಂದು, ನಾಲ್ಕು, ಎಂಟು. 13.

"ಹಂಗಾದ್ರೆ ನನ್ನ ಆನ್ಸರ್ ಸರಿ, ನಾಳೆ ಸರ್‌ಗೆ ತೋರಿಸ್ಲಾ?"

"ತೋರಿಸು ಬೇಕಾದ್ರೆ, ಆದ್ರೆ ಪರೀಕ್ಷೇಲಿ ಕೆಳಗಿಂದಾನೇ ಓದು" ಅಂದೆ. ಬೀಜ ಎಣಿಸಿ ಡಬ್ಬಕ್ಕೆ ಹಾಕುವಾಗ ಎರಡು ಕಮ್ಮಿ ಬಂತು, ಸೋಫಾ ಕೆಳಗೆ ಒಂದು ಸಿಕ್ತು.